ಓಗೊಡುವ ಕುದುರು

ಕೇದಗೆ ಹೊಳೆ ಕಡಲು ಸೇರುವ ಅಳಿವೆಯಲ್ಲಿ, ಆಗರಕೇರಿಯ ದೋಣಿ ತಂಗುವ ದಕ್ಕೆಯ ಮೇಲೆ ನಿಂತರೆ ಎದುರಿಗೇ ಕಾಣುವ ನಡುಗಡ್ಡೆಗೆ ಓಗೊಡುವ ಕುದುರು ಎಂದು ಹೆಸರು. ಸರಕಾರದ ನೀಲಿ ಫಲಕದಲ್ಲಿ ಮಾತ್ರ ಈ ಹೆಸರಿಲ್ಲ. ಅಲ್ಲಿ ‘ಪ್ರಾಚೀನ ಬಂದೀಖಾನೆ, ಸಂರಕ್ಷಿತ ಸ್ಮಾರಕ’ ಎಂದಷ್ಟೇ ಬರೆದು, ಗೋಡೆಯ ಮೇಲೆ ಹೆಸರು ಕೆತ್ತಿದವರಿಗೆ ದಂಡ ವಿಧಿಸಲಾಗುವುದು ಎಂದು ಕೆಳಗೆ ಎಚ್ಚರಿಸಿದ್ದಾರೆ. ಕೆತ್ತುವವರು ಫಲಕ ಓದುವ ಪೈಕಿಯಲ್ಲ ಎನ್ನುವುದು ಬೇರೆ ಮಾತು. ರಜೆಯ ದಿನ ಬೆಳಗಿನಿಂದಲೇ ದಕ್ಕೆಯಲ್ಲಿ ಜನ ಸೇರುತ್ತಾರೆ. ಎಂಜಿನ್ ದೋಣಿಯಲ್ಲಿ ಕುಳಿತು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇಲಿಯನ್ನು ಸುತ್ತಿ ಕುದುರಿಗೆ ಇಳಿದರೆ ಮುರಕಲ್ಲಿನ ಎತ್ತರದ ಪೌಳಿ, ಅದರೊಳಗೆ ಸಾಲಾಗಿ ಕೋಣೆಗಳು, ಬಗ್ಗಿಯೇ ಒಳಗೆ ಹೋಗಬೇಕಾದ ಬಾಗಿಲುಗಳು. ಕೋಣೆಯೊಳಗೆ ನಡು ಮಧ್ಯಾಹ್ನವೂ ತಂಪು. ಗೋಡೆ ಮುಟ್ಟಿದ ಬೆರಳನ್ನು ನಾಲಿಗೆಗೆ ತಾಗಿಸಿದರೆ ಉಪ್ಪು. ಹಗಲು ಹೊತ್ತಿನಲ್ಲಿ ಮಕ್ಕಳು ಕೋಣೆಕೋಣೆಗೆ ನುಗ್ಗಿ ಕೂಗಿ, ಮರುದನಿ ಕೇಳಿ ನಗುತ್ತಾರೆ. ಹೊತ್ತು ಇಳಿಯುತ್ತಿದ್ದಂತೆ ದೋಣಿಯವರು ಅವಸರ ಮಾಡತೊಡಗುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಯಾರೂ ಉಳಿಯುವಂತಿಲ್ಲ. ಅದು ಇಲಾಖೆಯ ನಿಯಮವೆಂದು ಪ್ರವಾಸಿಗರು ತಿಳಿಯುತ್ತಾರೆ. ಇಲಾಖೆ ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಆ ನಿಯಮ ನಡೆದು ಬಂದಿದೆ ಎನ್ನುತ್ತಾರೆ ಆಗರಕೇರಿಯವರು.

ಹಿಂದೆ ಒಮ್ಮೆ ಈ ಸೀಮೆಯನ್ನು ಒಬ್ಬ ಒಡೆಯ ಆಳುತ್ತಿದ್ದನಂತೆ. ಅವನ ಹೆಸರನ್ನು ಊರವರು ಬೇಕೆಂದೇ ಮರೆತಿದ್ದಾರೆ. ಅದಕ್ಕಿಂತ ದೊಡ್ಡ ಶಿಕ್ಷೆ ಕೊಡಲು ಅವರಿಂದ ಆಗಲಿಲ್ಲ. ಘಟ್ಟದ ಮೇಲಕ್ಕೆ ಹೋಗುವ ಉಪ್ಪೆಲ್ಲ ಆಗ ಆಗರಕೇರಿಯ ಗದ್ದೆಗಳಲ್ಲೇ ಆಗುತ್ತಿತ್ತು. ಕಡಲ ನೀರನ್ನು ಕಟ್ಟಿ, ಬಿಸಿಲಿಗೆ ಆರಿಸಿ, ಹಲಗೆಯಿಂದ ಎಳೆದು ರಾಶಿ ಮಾಡುವವರು ಊರವರು. ರಾಶಿ ಮಾತ್ರ ಒಡೆಯನದು. ದಿನದ ಕೆಲಸ ಮುಗಿದೊಡನೆ ಒಡೆಯನ ಆಳು ಬಂದು ಪ್ರತಿ ರಾಶಿಯ ಮೈಮೇಲೂ ಮರದ ಅಚ್ಚು ಒತ್ತಿ ಮುದ್ರೆ ಹಾಕಿ ಹೋಗುತ್ತಿದ್ದ. ಒಂದು ಹಿಡಿ ತೆಗೆದರೂ ಮುದ್ರೆ ಕುಸಿದು ಕಳವು ಗೊತ್ತಾಗಬೇಕು ಎಂಬ ಉಪಾಯ ಅದು. ಮುದ್ರೆ ಕೆಡಿಸಿದವನನ್ನು ಒಡೆಯನ ದೋಣಿ ಬಂದು ಕುದುರಿಗೆ ಒಯ್ಯುತ್ತಿತ್ತು. ಎಷ್ಟು ಕಾಲಕ್ಕೆ ಎಂದು ಕೇಳುವ ಪದ್ಧತಿ ಇರಲಿಲ್ಲ, ಹೇಳುವ ಪದ್ಧತಿಯೂ ಇರಲಿಲ್ಲ. ಹೋದವರು ಹಿಂತಿರುಗಿದ್ದನ್ನು ಕಂಡವರೂ ಇರಲಿಲ್ಲ.

ಆ ಬಂದೀಖಾನೆಯಲ್ಲಿ ಒಂದು ಕ್ರಮವಿತ್ತು. ಮುಸ್ಸಂಜೆ, ಕೋಣೆಗಳಿಗೆ ಅಗಳಿ ಹಾಕುವ ಮೊದಲು, ಕಾವಲಿನ ಮುಖ್ಯಸ್ಥ ಪೌಳಿಯ ನಡುವೆ ನಿಂತು ಸೆರೆಯಾಳುಗಳ ಹೆಸರನ್ನು ಒಂದೊಂದಾಗಿ ಕೂಗುತ್ತಿದ್ದ. ಕರೆಸಿಕೊಂಡವನು ತನ್ನ ಕೋಣೆಯೊಳಗಿನಿಂದ ‘ಓ’ ಎನ್ನಬೇಕು. ಆ ಹೊತ್ತಿಗೆ ಗಾಳಿ ಬಿದ್ದಿರುತ್ತದೆ, ಅಳಿವೆಯ ನೀರು ಅಲುಗದೆ ನಿಂತಿರುತ್ತದೆ. ಕೂಗಿದ್ದೂ ಓಗೊಟ್ಟದ್ದೂ ಹೊಳೆ ದಾಟಿ ದಕ್ಕೆಯವರೆಗೆ ಸ್ಪಷ್ಟವಾಗಿ ಕೇಳುತ್ತಿದ್ದವು. ಸೆರೆಯಾಳುಗಳನ್ನು ಮನೆಯವರು ಹೋಗಿ ನೋಡುವಂತಿರಲಿಲ್ಲ, ಬುತ್ತಿ ಕಳಿಸುವಂತಿರಲಿಲ್ಲ. ಆದ್ದರಿಂದ ದೀಪ ಹಚ್ಚುವ ಹೊತ್ತಿಗೆ ಅವರ ತಾಯಂದಿರು, ಹೆಂಡಂದಿರು, ಮಕ್ಕಳೆಲ್ಲ ದಕ್ಕೆಗೆ ಬಂದು ಕಿವಿಗೊಟ್ಟು ನಿಲ್ಲುತ್ತಿದ್ದರು. ತಮ್ಮವನ ಹೆಸರು, ಅದರ ಹಿಂದೆ ಒಂದು ‘ಓ’. ಅದು ಕೇಳಿಸಿದರೆ ಮನೆಗೆ ಹೋಗಿ ಉಣ್ಣುವುದು. ಕೇಳಿಸದಿದ್ದರೆ ಮರುದಿನ ಮತ್ತೆ ಬರುವುದು. ಕುದುರಿಗೆ ಈ ಹೆಸರು ಬಂದದ್ದು ಆಗಲೇ ಇರಬೇಕು ಎಂದು ಕೆಲವರು ಹೇಳುವುದುಂಟು. ಊರಿನ ಹಿರಿಯರು ಒಪ್ಪುವುದಿಲ್ಲ. ಕರೆದರೆ ಓಗೊಡುವುದು ಎಲ್ಲ ಕಡೆಯೂ ಇರುವುದೇ, ಅದಕ್ಕೆಲ್ಲ ಯಾರಾದರೂ ಹೆಸರಿಡುತ್ತಾರೆಯೇ ಎಂದು ಗದರುತ್ತಾರೆ. ಹೆಸರು ಬಂದದ್ದು ಕುಸಲಿ ಎಂಬ ಹೆಂಗಸಿನಿಂದ ಎನ್ನುತ್ತಾರೆ.

ಕುಸಲಿ ಗೋಯ್ದನ ಹೆಂಡತಿ. ಗೋಯ್ದ ಉಪ್ಪಿನ ಗದ್ದೆಯಲ್ಲಿ ಹಲಗೆ ಎಳೆಯುವವನು. ಆ ಕೇರಿಯಲ್ಲಿ ಅವನಷ್ಟು ದೊಡ್ಡ ದನಿಯವನು ಇನ್ನೊಬ್ಬನಿರಲಿಲ್ಲವಂತೆ. ಕುಸಲಿಯದು ಅದಕ್ಕೆ ತದ್ವಿರುದ್ಧವಾದ ಮೆಲುಮಾತು. ಅದೂ ಗಂಡನ ಹೆಸರೆಂದರೆ ಬಾಯೇ ತೆರೆಯುವವಳಲ್ಲ. ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಆಗಿನವರ ನಂಬಿಕೆ. ಯಾರಾದರೂ ಬೇಕೆಂದೇ ಕೆಣಕಿ ಕೇಳಿದರೆ ಅವಳು ತಿರುಪತಿಯ ದಿಕ್ಕಿಗೆ ಕೈ ತೋರಿಸಿ ನಗುತ್ತಿದ್ದಳು, ಕೇಳಿದವರು ಗೋವಿಂದನ ಹೆಸರನ್ನು, ಅಂದರೆ ಗೋಯ್ದನದನ್ನು, ತಾವೇ ಹೇಳಿಕೊಳ್ಳಬೇಕಾಗುತ್ತಿತ್ತು. ಒಂದು ಬೇಸಗೆಯ ಮಧ್ಯಾಹ್ನ ಗೋಯ್ದ ಗಂಜಿ ಕುಡಿಯಲು ಕುಳಿತಾಗ ಅದಕ್ಕೆ ಉಪ್ಪಿರಲಿಲ್ಲ. ಮಗ್ಗುಲಲ್ಲೇ ಆಳೆತ್ತರದ ಉಪ್ಪಿನ ರಾಶಿ, ಅದರ ಮೈತುಂಬ ಹಿಂದಿನ ದಿನದ ಮುದ್ರೆ. ಅವನು ಕೈ ಚಾಚಿ ಒಂದು ಚಿಟಿಕೆ ತೆಗೆದು ಗಂಜಿಗೆ ಹಾಕಿಕೊಂಡ. ಚಿಟಿಕೆ ತೆಗೆದ ಕಡೆಯಿಂದ ರಾಶಿ ಜಾರಿತು, ಮುದ್ರೆ ಒಡೆಯಿತು. ಸಂಜೆಯೊಳಗೆ ಒಡೆಯನ ದೋಣಿ ಬಂತು. ದಿನವಿಡೀ ಉಪ್ಪು ಎಳೆಯುವವನು ತನ್ನ ಗಂಜಿಗೆ ಚಿಟಿಕೆ ಉಪ್ಪು ಹಾಕಿಕೊಂಡದ್ದಕ್ಕೆ ಸೆರೆಯಾದ. ಹೇಳಲೂ ನಾಚಿಕೆಯಾಗುವ ಸಂಗತಿ ಇದು, ಆದರೂ ನಡೆದದ್ದು ಹೀಗೆಯೇ ಎನ್ನುತ್ತಾರೆ.

ಅಂದಿನಿಂದ ಕುಸಲಿಯೂ ಮುಸ್ಸಂಜೆಗೆ ದಕ್ಕೆಯಲ್ಲಿ ನಿಲ್ಲತೊಡಗಿದಳು. ‘ಗೋಯ್ದಾ’ ಎಂದು ಕಾವಲಿನವನು ಕೂಗುವುದು, ಅದರ ಬೆನ್ನಿಗೇ ಎಲ್ಲರಿಗಿಂತ ದೊಡ್ಡದಾಗಿ, ದಕ್ಕೆಯಲ್ಲಿ ಹೆಂಡತಿ ಇದ್ದಾಳೆಂದು ಗೊತ್ತಿದ್ದೇ ಕೂಗಿದಂತೆ ‘ಓ’ ಎನ್ನುವುದು ಕೇಳಿಸುತ್ತಿತ್ತು. ತಾನು ಹುಟ್ಟಿದಾಗಿನಿಂದ ಆಡದ ಹೆಸರನ್ನು ಯಾವನೋ ಕಾವಲಿನವನು ದಿನವೂ ಆಡುತ್ತಾನಲ್ಲ ಎಂದು ಅವಳಿಗೆ ಸಣ್ಣ ಹೊಟ್ಟೆಕಿಚ್ಚೂ ಇತ್ತಂತೆ. ಹೀಗೆ ಕೆಲವು ವರ್ಷ ಕಳೆಯಿತು. ಒಂದು ಮಳೆಗಾಲ ಮಾತ್ರ ಎಂದಿನಂತಿರಲಿಲ್ಲ. ಕಡಲು ಹಗಲಿರುಳು ಮೊರೆದು, ಆಷಾಢದಿಂದ ಭಾದ್ರಪದದವರೆಗೆ ಕುದುರಿನ ಯಾವ ಸದ್ದೂ ದಡಕ್ಕೆ ಬರಲಿಲ್ಲ. ಸೆರೆಯಲ್ಲಿ ಜ್ವರ ಬಿದ್ದಿದೆ, ಹೆಣಗಳನ್ನು ಕಡಲಿಗೆ ಎಳೆಯುತ್ತಿದ್ದಾರೆ ಎಂಬ ಸುದ್ದಿಯಷ್ಟೇ ಬಂತು. ಮಳೆ ಹಿಂದೆ ಸರಿದು ನೀರು ಶಾಂತವಾದ ಸಂಜೆ ಊರೇ ದಕ್ಕೆಯಲ್ಲಿ ನಿಂತಿತ್ತು. ಕಾವಲಿನವನು ‘ಗೋಯ್ದಾ’ ಎಂದ. ಉತ್ತರವಿಲ್ಲ. ಮತ್ತೆ ಕೂಗಿದ. ಇಲ್ಲ. ಕೆಲವು ದಿನಗಳ ಮೇಲೆ ಆ ಹೆಸರನ್ನು ಕೂಗುವುದೇ ನಿಂತಿತು.

ಜ್ವರ ಗೋಯ್ದನ ಜೀವ ಉಳಿಸಿ ದನಿಯನ್ನಷ್ಟೇ ಒಯ್ದಿತ್ತು ಎಂದು ದಡದವರಿಗೆ ತಿಳಿಯುವ ದಾರಿ ಇರಲಿಲ್ಲ. ಕೂಗಿದರೆ ಬಾಯಿ ತೆರೆಯುತ್ತಾನೆ, ಸದ್ದು ಹೊರಡದು. ಕಾವಲಿನವನು ಕೂಗುವುದನ್ನು ಬಿಟ್ಟು, ಇಣುಕಿ ನೋಡಿ, ಇದ್ದಾನೆ ಎಂದುಕೊಂಡು ಮುಂದಕ್ಕೆ ಹೋಗುತ್ತಿದ್ದನಂತೆ. ದಡದಲ್ಲಿ ಗೋಯ್ದನ ತಮ್ಮ ಹಮ್ಮಣ್ಣ ಊರಿನ ನಾಲ್ಕು ಜನರನ್ನು ಕೂಡಿಸಿದ. ಹೆಣ ಸಿಗದವರಿಗೆ ಹುಲ್ಲಿನ ಬೊಂಬೆ ಕಟ್ಟಿ ಸುಡುವುದು ಕಡಲ ದಂಡೆಯ ಕ್ರಮ. ಹಾಗೆಯೇ ಮಾಡಿದರು. ಬೊಂಬೆಗೆ ಗೋಯ್ದನ ಹಳೆಯ ಪಂಚೆ ಉಡಿಸಿದರು, ಕುಸಲಿಯ ಬಳೆಯನ್ನು ಅದರ ಎದೆಯ ಮೇಲೆಯೇ ಒಡೆದರು. ಹಮ್ಮಣ್ಣ ಕೆಟ್ಟವನೇನಲ್ಲ. ಬೊಂಬೆಗೆ ಬೆಂಕಿ ಇಡುವಾಗ ಅವನು ನಿಜವಾಗಿಯೇ ಅತ್ತ. ಆದರೆ ಅಣ್ಣನ ಪಾಲಿನ ಗದ್ದೆ ತನಗೆ ಬಂದದ್ದು ಅವನಿಗೆ ಬೇಡವಾಗಿತ್ತು ಎಂದೂ ಹೇಳಲಾಗದು. ಕುಸಲಿ ಅವನ ಮನೆಯ ಹಿಂಬದಿಯ ಚಾವಡಿಯಲ್ಲಿ ಉಳಿದಳು. ಮುಸ್ಸಂಜೆ ದಕ್ಕೆಗೆ ಹೋಗುವುದನ್ನು ಬಿಟ್ಟಳು.

ಕೆಲವು ವರ್ಷ ಕಳೆದು ಒಡೆಯನ ಮೇಲೆ ದಂಡು ಬಂತು. ಒಡೆಯ ಓಡಿಹೋದ, ಕುದುರಿನ ಕಾವಲಿನವರು ಸುದ್ದಿ ಕೇಳಿದ್ದೇ ತಡ, ಅಗಳಿಗಳನ್ನು ತೆಗೆದುಹಾಕಿ ತಾವೂ ದೋಣಿ ಹತ್ತಿದರು. ಸೆರೆಯಲ್ಲಿ ಉಳಿದಿದ್ದ ಕೆಲವರು ಮೇಲಿನ ಊರುಗಳವರು, ಹೊಳೆಯ ಆಚೆ ದಡ ಹಿಡಿದು ಹೋದರು. ಆಗರಕೇರಿಯವನೆಂದರೆ ಗೋಯ್ದನೊಬ್ಬನೇ. ನೀರು ಇಳಿದಾಗ ಮೇಲೇಳುವ ಮರಳಿನ ದಿಣ್ಣೆಯ ಮೇಲೆ, ಸೊಂಟದವರೆಗಿನ ನೀರಿನಲ್ಲಿ ನಡೆದು ಅವನು ಈಚೆ ಬಂದ. ದಿನಗಳ ಲೆಕ್ಕ ಅವನಿಗೆ ಎಂದೋ ತಪ್ಪಿತ್ತು. ಅಂದು ಮಹಾಲಯ ಅಮಾವಾಸ್ಯೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಸತ್ತ ಹಿರಿಯರಿಗೆ ಎಡೆ ಇಡುವ ದಿನ ಅದು. ಮುಸ್ಸಂಜೆ ಹಿತ್ತಿಲಿನ ಹೊನ್ನೆ ಮರದ ಬುಡದಲ್ಲಿ ಸೆಗಣಿ ಸಾರಿಸಿ, ಬಾಳೆಯೆಲೆ ಹಾಸಿ, ಸತ್ತವರಿಗೆ ಪ್ರೀತಿಯಾದದ್ದನ್ನೆಲ್ಲ ಬಡಿಸಿ, ಮನೆಯವರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ಎಲೆ ಅಲುಗಿರಬೇಕು, ಅಗುಳು ಕದಲಿರಬೇಕು. ಬಂದು ಉಂಡು ಹೋದರು ಎಂದು ಸಮಾಧಾನ. ಕುಸಲಿ ಆ ದಿನ ಗೋಯ್ದನಿಗೆ ಇಷ್ಟವೆಂದು ಕೆಂಪಕ್ಕಿಯ ಅನ್ನ, ಬಂಗಡೆಯ ಸಾರು, ಹುರಿದ ಶೆಟ್ಲಿ ಸಿಗಡಿ ಬಡಿಸಿದ್ದಳು. ಎಲೆಯ ತುದಿಯಲ್ಲಿ ಒಂದು ಹಿಡಿ ಉಪ್ಪು ಇಟ್ಟಿದ್ದಳು, ಉಳಿದ ಹಿರಿಯರ ಎಲೆಗೆ ಚಿಟಿಕೆ ಸಾಕಾದರೂ. ಒಳಗೆ ಹೋಗಿ ಕುಳಿತ ಮೇಲೆ ಹಿತ್ತಿಲಿನಲ್ಲಿ ಸದ್ದಾಯಿತು. ಕಾಗೆಯದಲ್ಲ, ನಾಯಿಯದೂ ಅಲ್ಲ. ಸಾರು ಕಲಸಿ ಸೊರಸೊರನೆ ಉಣ್ಣುವ ಸದ್ದು. ಹಮ್ಮಣ್ಣ ಬಾಗಿಲು ತೆರೆದ. ಗಡ್ಡ ಎದೆಯವರೆಗೆ ಇಳಿದ, ಸೊಂಟದಿಂದ ನೀರು ಸುರಿಯುತ್ತಿದ್ದ, ಎಲುಬು ಎಣಿಸಬಹುದಾದ ಒಂದು ಆಕಾರ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು ಗೋಯ್ದನ ಎಡೆಯನ್ನು ಉಣ್ಣುತ್ತಿತ್ತು.

ಪಾಪ, ಅವನು ಬೇರೇನು ಮಾಡಬೇಕಿತ್ತು? ಹಸಿದು ಮನೆಗೆ ಬಂದವನು, ಮನೆಯ ಹಿತ್ತಿಲಿನಲ್ಲಿ ತನಗಿಷ್ಟವಾದದ್ದೆಲ್ಲ ಎಲೆಯ ಮೇಲೆ ಬಡಿಸಿಟ್ಟದ್ದು ಕಂಡ. ತಾನು ಬರುವ ಸುದ್ದಿ ಹೇಗೋ ತಿಳಿದು ಕುಸಲಿಯೇ ಬಡಿಸಿಟ್ಟಿದ್ದಾಳೆ ಎಂದುಕೊಂಡ, ಕುಳಿತ. ಬಾಗಿಲು ತೆರೆದವರನ್ನು ಕಂಡು ತುತ್ತು ಹಿಡಿದೇ ನಕ್ಕ. ಹಮ್ಮಣ್ಣನ ಹೆಂಡತಿ ಚೀರಿ ಬಿದ್ದಳು. ಹಮ್ಮಣ್ಣ ಕೈ ಮುಗಿದು ದೂರದಿಂದಲೇ ಬೇಡಿಕೊಂಡ.

“ಉಂಡಾಯ್ತಲ್ಲ ಮಾರಾಯಾ, ಹೊಟ್ಟೆ ತುಂಬ್ತಲ್ಲ? ಇನ್ನು ಹೋಗು. ನಿನ್ನ ಕರ್ಮ ಎಲ್ಲ ಸರಿಯಾಗೇ ಮಾಡೀವೆ. ಬೊಂಬೆ ಸುಟ್ಟೀವೆ. ಇನ್ನೆಂತಾ ಬೇಕು ನಿಂಗೆ?”

ಬೊಂಬೆ ಎಂಬ ಮಾತು ಕೇಳಿದ ಮೇಲೆಯೇ ಗೋಯ್ದನಿಗೆ ತಾನು ಕುಳಿತ ಎಲೆ ಯಾವುದೆಂದು ತಿಳಿದದ್ದು. ಅವನು ಎದ್ದು ನಿಂತ. ಗಂಟಲಿನಿಂದ ಹೊರಟದ್ದು ದನಿಯಲ್ಲ, ಒಣ ಎಲೆ ಉಜ್ಜಿದಂಥ ಗಾಳಿ. ಅದರಿಂದ ಅವರ ಭಯ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಕಡೆಗೆ ಅವನು ಬಾಗಿಲಲ್ಲಿ ನಿಂತಿದ್ದ ಕುಸಲಿಯ ಕಡೆ ತಿರುಗಿ, ಆ ಗಾಳಿಯಲ್ಲೇ ಮಾತು ಕೂಡಿಸಿ ಪಿಸುಗುಟ್ಟಿದ.

“ಕುಸಲಿ, ನಾ ಸತ್ತಂವ ಅಲ್ಲ. ನೀನಾದ್ರೂ ನನ್ನ ಹೆಸ್ರು ಹಿಡ್ದು ಕರಿ. ಓಗೊಡ್ತೆ, ಕಾಣು. ಸತ್ತಂವ್ರಿಗೆ ಓಗೊಡೂಕೆ ಬತ್ತದ್ಯಾ?”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸತ್ತವರು ನಮ್ಮನ್ನು ಕರೆದಾರು, ಆದರೆ ನಾವು ಕರೆದರೆ ಓಗೊಡಲಾರರು ಎಂದು ಆ ದಂಡೆಯ ಜನ ನಂಬಿದ್ದರು. ಜತೆಗೆ ಇನ್ನೂ ಒಂದನ್ನು ನಂಬಿದ್ದರು: ಸತ್ತವನ ಹೆಸರು ಹಿಡಿದು ಕರೆದವರ ಮನೆಗೆ ಅವನು ಗಂಟು ಬೀಳುತ್ತಾನೆ. ಆದ್ದರಿಂದ ಚೀರು ಕೇಳಿ ಹೊರಬಂದ ನೆರೆಯವರು ಯಾರೂ ಬಾಯಿ ತೆರೆಯಲಿಲ್ಲ, ಬಾಗಿಲುಗಳನ್ನು ಹಾಕಿಕೊಂಡರು. ಹಮ್ಮಣ್ಣ ‘ಅಣ್ಣಾ’ ಎಂದರೂ ಸಾಕಿತ್ತು, ಅವನೂ ಅನ್ನಲಿಲ್ಲ. ಉಳಿದವಳು ಕುಸಲಿ. ಅವಳು ಬಾಯಿ ತೆರೆದಳು. ಹೆಸರು ಗಂಟಲವರೆಗೆ ಬಂತು, ತುಟಿ ಅಲುಗಿತು, ಅಲ್ಲೇ ನಿಂತಿತು. ಹುಟ್ಟಿದ ಮೇಲೆ ಒಂದು ಸಲವೂ ಆಡದ ಮಾತು ಅದು, ನಾಲಿಗೆ ಹೊರಳಲಿಲ್ಲ. ಗೋಯ್ದ ಕಾದ. ಕೈಗೆ ಮೆತ್ತಿದ ಅನ್ನ ಒಣಗುವವರೆಗೆ ಅವಳ ತುಟಿಯನ್ನೇ ನೋಡುತ್ತ ಕಾದ ಎನ್ನುತ್ತಾರೆ. ಆಮೇಲೆ ತಿರುಗಿ ಹೊಳೆಯ ಕಡೆ ನಡೆದ. ಅವನನ್ನು ಬದುಕಿದವನೆಂದು ಒಪ್ಪುವ ಜಾಗ ಲೋಕದಲ್ಲಿ ಅದೊಂದೇ ಉಳಿದಿತ್ತು.

ಕೆಲವು ದಿನ ಕಳೆದ ಮೇಲೆ ಒಂದು ಮುಸ್ಸಂಜೆ ಖಾಲಿ ಕುದುರಿನಿಂದ ‘ಓ’ ಎಂದು ಕೇಳಿಸಿತು. ಮೊದಲು ಅದು ಹಕ್ಕಿಯ ಕೂಗೆಂದುಕೊಂಡರು. ಮರುದಿನವೂ ಅದೇ ಹೊತ್ತಿಗೆ ಬಂತು. ಅದರ ಮರುದಿನ ಇನ್ನಷ್ಟು ಗಟ್ಟಿಯಾಗಿ ಬಂತು. ಕೂಗುವವರು ಯಾರೂ ಇಲ್ಲ, ಕಾವಲಿನವನು ಆಗಲೇ ಓಡಿಹೋಗಿದ್ದಾನೆ. ಆದರೂ ಯಾರೋ ಕರೆದಂತೆ, ಕರೆದದ್ದು ತನ್ನನ್ನೇ ಎಂಬಂತೆ, ಸ್ವಲ್ಪ ಕಾದು, ಮತ್ತೆ ‘ಓ’. ಕರೆದರೆ ಉತ್ತರ ಬಾರದಿರುವುದು ಹೆದರಿಕೆಯಲ್ಲ. ಕರೆಯದೆಯೇ ಉತ್ತರ ಬಂದರೆ ಏನು ಮಾಡುವುದು? ಆಗರಕೇರಿಯಲ್ಲಿ ಮುಸ್ಸಂಜೆಗೆ ಮಕ್ಕಳ ಕಿವಿಗೆ ಹತ್ತಿ ಇಡತೊಡಗಿದರು. ಹೊತ್ತು ಇಳಿಯುವ ಮೊದಲೇ ಬಲೆಯವರು ದೋಣಿ ಕಟ್ಟತೊಡಗಿದರು. ಮನೆಯಲ್ಲಿ ಒಬ್ಬರನ್ನೊಬ್ಬರು ಕರೆಯಲೂ ಹೆದರಿದರು, ಓಗೊಟ್ಟದ್ದು ಯಾರೆಂದು ಗೊತ್ತಾಗದಲ್ಲ! ಕಡೆಗೆ ಹಮ್ಮಣ್ಣನೇ ಮುಂದಾಗಿ ಘಟ್ಟದ ಬುಡದಿಂದ ಒಬ್ಬ ಮಂತ್ರವಾದಿಯನ್ನು ಗೊತ್ತುಮಾಡಿದ. ಬರುವ ಅಮಾವಾಸ್ಯೆಗೆ ಅವನು ಕುದುರಿಗೆ ಹೋಗಿ, ದನಿ ಬರುವ ಕೋಣೆಯ ಬಾಗಿಲನ್ನು ಕಲ್ಲಿನಿಂದ ಮುಚ್ಚಿ, ನಾಲ್ಕು ಮೂಲೆಗೂ ಕಬ್ಬಿಣದ ಮೊಳೆ ಬಡಿದು ದಿಗ್ಬಂಧನ ಮಾಡುವುದೆಂದು ತೀರ್ಮಾನವಾಯಿತು.

ಕುಸಲಿ ಮತ್ತೆ ದಕ್ಕೆಗೆ ಹೋಗತೊಡಗಿದ್ದಳು. ಅವಳೊಬ್ಬಳೇ. ಮೊದಲ ದಿನದ ‘ಓ’ ಒಡಕು ಮಡಕೆಯ ಸದ್ದಿನಂತಿತ್ತು. ಅದು ದಿನದಿನಕ್ಕೆ ಸರಿಹೋಗುತ್ತ, ತುಂಬುತ್ತ, ಹಳೆಯ ದನಿಯ ಕಡೆಗೆ ಬರುತ್ತಿರುವುದನ್ನು ಅವಳು ಕೇಳಿದಳು. ಯಾರೂ ಕರೆಯದಿದ್ದರೂ ಅವನು ಓಗೊಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾನೆ, ನಾಳೆ ಯಾರಾದರೂ ಕರೆದರೆ ತಪ್ಪದಿರಲಿ ಎಂದು. ಹೀಗೆ ಯೋಚಿಸುತ್ತ ನಿಂತಿದ್ದಾಗ ಅವಳಿಗೆ ತನ್ನದೇ ಒಂದು ಸಂಗತಿ ಹೊಳೆಯಿತಂತೆ. ಅಂದು ಹಿತ್ತಿಲಿನಲ್ಲಿ ತಾನು ಹೆಸರು ಹೇಳದೆ ತಡೆದದ್ದು ಯಾಕೆ? ಗಂಡನ ಆಯುಷ್ಯ ಕಡಿಮೆಯಾದೀತೆಂದು. ಸತ್ತವನ ಆಯುಷ್ಯಕ್ಕೆ ಯಾರಾದರೂ ಹೆದರುತ್ತಾರೆಯೇ? ಬೊಂಬೆ ಸುಟ್ಟು, ಬಳೆ ಒಡೆದು, ವರ್ಷ ವರ್ಷ ಎಡೆ ಇಟ್ಟರೂ ಅವಳ ನಾಲಿಗೆಗೆ ಮಾತ್ರ ಅವನು ಬದುಕಿದ್ದಾನೆಂದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅದು ಸುಮ್ಮನಿತ್ತು. ಕುಸಲಿ ದಕ್ಕೆಯ ಮೇಲೆಯೇ ಕುಸಿದು ಕುಳಿತು ತಲೆ ಚಚ್ಚಿಕೊಂಡು ಅತ್ತಳು.

ಅಮಾವಾಸ್ಯೆಯ ಹಿಂದಿನ ದಿನ, ಬಿಸಿಲು ಹಳದಿಯಾಗುವ ಹೊತ್ತಿಗೆ ಅವಳು ಜಟ್ಟಿ ಎಂಬ ಅಂಬಿಗನ ಮುಂದೆ ಹೋಗಿ ನಿಂತಳು. ಜಟ್ಟಿ ಹೊಳೆಯಲ್ಲಿ ಮುಳುಗಿದವರ ಹೆಣ ತೆಗೆದು ತೆಗೆದು ಹೆದರಿಕೆಯನ್ನೇ ಮರೆತ ಮುದುಕ. ಆದರೂ ಕುದುರು ಎಂದೊಡನೆ ತಲೆ ಅಲ್ಲಾಡಿಸಿದ.

“ಬೇಡ ತಂಗಿ. ಅದು ನಿನ್ನ ಗಂಡ ಹೌದೋ ಅಲ್ವೋ ನಂಗೊತ್ತಿಲ್ಲೆ. ಹೌದಾದ್ರೂ ನೀ ಅಲ್ಹೋಗಿ ಎಂತ ಮಾಡ್ತೆ?”

“ಕರೀತೆ,” ಎಂದಳು ಕುಸಲಿ. “ಅವ್ರು ಕೇಳಿದ್ದು ಅದೊಂದೇ. ನಾನೇ ಕೊಡ್ಲಿಲ್ಲ.”

ಜಟ್ಟಿ ದೋಣಿ ಬಿಚ್ಚಿದ. ಅವರು ಹೊಳೆಯ ನಡುವೆ ಬರುವಾಗ ಹೊತ್ತು ಮುಳುಗುತ್ತಿತ್ತು, ಗಾಳಿ ಬಿದ್ದಿತ್ತು. ಎಂದಿನ ಹೊತ್ತಿಗೆ ಸರಿಯಾಗಿ ಕುದುರಿನಿಂದ ‘ಓ’ ಎಂದು ಕೇಳಿಸಿತು. ಜಟ್ಟಿಯ ಕೈಯ ಹುಟ್ಟು ನಿಂತಿತು. ಕುಸಲಿ ದೋಣಿಯಲ್ಲಿ ಎದ್ದು ನಿಂತಳು. ಮೊದಲು ಬಂದದ್ದು ಉಸಿರು ಮಾತ್ರ. ಆಮೇಲೆ, ಅಷ್ಟು ವರ್ಷದ ಮೆಲುದನಿಯನ್ನೆಲ್ಲ ಒಟ್ಟು ಸೇರಿಸಿದಂತೆ, “ಗೋಯ್ದಾ!” ಎಂದು ಕೂಗಿದಳು. ಕೂಗು ನೀರಿನ ಮೇಲೆ ಹೋಯಿತು, ಪೌಳಿಗೆ ತಾಗಿತು. ಅನಂತರ ಬಂತು ಉತ್ತರ. ಅದರಲ್ಲಿ ಒಡಕಿಲ್ಲ, ಜ್ವರವಿಲ್ಲ; ಸೆರೆಗೆ ಹೋಗುವ ಮೊದಲು ಉಪ್ಪಿನ ಗದ್ದೆಯ ಆ ತುದಿಯಿಂದ ಕೇಳುತ್ತಿದ್ದ ದನಿಯೇ. ‘ಓ.’

“ಕೇಳ್ತಾ?” ಎಂದಳು ಕುಸಲಿ. “ನಿಂಗೂ ಕೇಳ್ತಲ್ದಾ?”

“ಕೇಳ್ತು,” ಎಂದ ಜಟ್ಟಿ.

ದೋಣಿ ಕುದುರಿಗೆ ತಾಗುತ್ತಿದ್ದಂತೆ ಕುಸಲಿ ಸೆರಗು ಬಿಗಿದು ಕೆಸರಿಗೆ ಹಾರಿ ಓಡಿದಳು. ಜಟ್ಟಿ ದೋಣಿಯ ದೀಪ ಹಿಡಿದು ಹಿಂದೆ ಹೋದ. ಸಾಲಿನ ಕೊನೆಯ ಕೋಣೆಯಲ್ಲಿ ಗೋಯ್ದ ಇದ್ದ. ಬಾಗಿಲಿಗೆ ಮುಖ ಮಾಡಿ, ಗೋಡೆಗೆ ಒರಗಿ, ಕರೆದರೆ ಥಟ್ಟನೆ ಏಳುವವನಂತೆ ಒಂದು ಕೈ ನೆಲಕ್ಕೆ ಊರಿ ಕುಳಿತಿದ್ದ. ಬಾಯಿ ತೆರೆದಿತ್ತು. ಸುತ್ತ ತೆಂಗಿನ ಚಿಪ್ಪು, ಬಂಡೆಗೆ ಅಂಟಿ ಬೆಳೆಯುವ ಕಲ್ವವನ್ನು ಕಲ್ಲಿನಿಂದ ಒಡೆದ ಚಿಪ್ಪು ಬಿದ್ದಿದ್ದವು. ಕುಸಲಿ ಅವನ ಕೈ ಹಿಡಿದಳು. ಗೋಡೆಯ ಕಲ್ಲಿಗೂ ಕೈಗೂ ವ್ಯತ್ಯಾಸವಿರಲಿಲ್ಲ. ತಾನು ಹೆಸರು ಹಿಡಿದು ಕರೆದದ್ದರಿಂದಲೇ ಹೀಗಾಯಿತು ಎಂದು ಅವಳು ನೆಲಕ್ಕೆ ಬಿದ್ದು ಗೋಳಾಡಿದಳು. ಜಟ್ಟಿ ದೀಪವನ್ನು ಹೆಣದ ಮುಖದ ಹತ್ತಿರ ಹಿಡಿದ. ಕಣ್ಣಿನ ಮೂಲೆಯಲ್ಲಿ ಇರುವೆಯ ಸಾಲು ನೋಡಿದ, ಮಡಿಸಿದ ಮೊಣಕಾಲು ಮುಟ್ಟಿ ನೋಡಿದ. ಹೆಣದ ವಿಷಯದಲ್ಲಿ ಅವನು ತಪ್ಪುವವನಲ್ಲ.

“ನಿನ್ನ ಕೂಗಿಗೆ ಸತ್ತದ್ದಲ್ಲ ತಂಗಿ, ಅಳಬೇಡ,” ಎಂದ. “ಇದು ಇವತ್ತಿಂದಲ್ಲ. ಮೂರ್ನಾಲ್ಕು ದಿನ ಹಿಂದಿಂದು.”

ಸಮಾಧಾನಕ್ಕೆಂದು ಆಡಿದ ಮಾತು. ಆಡಿದ ಮೇಲೆ ಅದರ ಅರ್ಥ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನಿನ್ನೆಯ ಸಂಜೆ, ಮೊನ್ನೆಯ ಸಂಜೆ ದಡಕ್ಕೆ ಕೇಳಿಸಿದ್ದು ಏನು? ಈಗ, ದೋಣಿಯಲ್ಲಿ ಇಬ್ಬರೂ ಕೇಳಿದ್ದು ಯಾರ ದನಿ? ಜಟ್ಟಿ ದೀಪ ಎತ್ತಿ ಕೋಣೆಯ ಮೂಲೆಮೂಲೆಯನ್ನೂ ನೋಡಿದ. ಅವನು ಆ ಬಳಿಕ ಬದುಕಿದಷ್ಟು ಕಾಲವೂ ಈ ಜಾಗಕ್ಕೆ ಬಂದಾಗ ಕತೆ ನಿಲ್ಲಿಸಿ ನೀರು ಕೇಳುತ್ತಿದ್ದನಂತೆ. ಕುಸಲಿ ಮಾತ್ರ ಅಳುವುದನ್ನು ನಿಲ್ಲಿಸಿದಳು. ಸೆರಗಿನಿಂದ ಗಂಡನ ಮುಖ ಒರೆಸಿದಳು, ಕಣ್ಣು ಮುಚ್ಚಿಸಿದಳು. ತೆರೆದ ಬಾಯಿಯನ್ನು ಮುಚ್ಚಲು ಹೋಗಲಿಲ್ಲ.

ಮರುದಿನ ಮಂತ್ರವಾದಿ ಮೊಳೆಗಳ ಚೀಲ ಹಿಡಿದು ಊರವರ ಜತೆ ಬಂದಾಗ ಕುಸಲಿ ಕೋಣೆಯ ಬಾಗಿಲಲ್ಲಿ ಕುಳಿತಿದ್ದಳು. ದೆವ್ವಕ್ಕೆ ಹೊಡೆಯಬೇಕಾದ ಮೊಳೆಯನ್ನು ಮನುಷ್ಯನಿಗೆ ಹೊಡೆಯುತ್ತೀಯಾ ಎಂದು ಕೇಳಿದಳು. ಅಲ್ಲಿ ಇದ್ದದ್ದು ದೆವ್ವವಲ್ಲ, ಹಸಿವಿನಿಂದ ಸತ್ತ ಮನುಷ್ಯ ಎಂದು ಹೆಣವನ್ನು ನೋಡಿದ ಊರಿಗೆ ಆಗ ಅರ್ಥವಾಯಿತು. ತಾವೆಲ್ಲ ಸೇರಿ ಒಬ್ಬ ಬದುಕಿದವನನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಿದ್ದೇವೆ ಎಂದೂ ಅರ್ಥವಾಯಿತು. ಹಮ್ಮಣ್ಣ ಆ ಕೋಣೆಯ ಮುಂದೆ ನಿಂತು ‘ಅಣ್ಣಾ’ ಎಂದು ಕೂಗಿದ, ಮತ್ತೆ ಮತ್ತೆ ಕೂಗಿದ. ಅವನಿಗೆ ಯಾವ ಉತ್ತರವೂ ಬರಲಿಲ್ಲ. ಗೋಯ್ದನನ್ನು ಸುಡಲು ಕುಸಲಿ ಬಿಡಲಿಲ್ಲ, ಸುಡುವುದೆಲ್ಲ ಆಗಲೇ ಮುಗಿದಿದೆ ಎಂದಳು. ಕೋಣೆಯ ಎದುರಿಗೇ ಮಣ್ಣು ಮಾಡಿ, ಮೇಲೆ ಮುರಕಲ್ಲಿನ ಕಟ್ಟೆ ಕಟ್ಟಿಸಿದಳು. ಆಮೇಲೆ ಪ್ರತಿ ಮುಸ್ಸಂಜೆ ದಕ್ಕೆಯ ತುದಿಯಲ್ಲಿ ನಿಂತು ಅವನ ಹೆಸರು ಹಿಡಿದು ಒಮ್ಮೆ ಕರೆಯುತ್ತಿದ್ದಳು. ಓಗೊಟ್ಟದ್ದು ಅವಳಿಗೆ ಕೇಳುತ್ತಿತ್ತೆಂದು ಅವಳ ಮುಖ ನೋಡಿದವರು ಹೇಳುತ್ತಿದ್ದರು. ಕೆಲವು ಸಂಜೆ ತಮಗೂ ಕೇಳಿಸಿತೆಂದು ಹೇಳಿದವರೂ ಇದ್ದರು. ಕುದುರಿಗೆ ಆ ಹೆಸರು ನಿಂತದ್ದು ಅಂದಿನಿಂದ.

ಆಗರಕೇರಿಯಲ್ಲಿ ಅಂದಿನಿಂದ ಹುಲ್ಲಿನ ಬೊಂಬೆ ಸುಡುವುದಿಲ್ಲ. ಕಡಲಿಗೆ ಹೋದವನು ಬಾರದಿದ್ದರೆ ಅವನ ಹೆಸರು ಹಿಡಿದು ದಕ್ಕೆಯಿಂದ ಕರೆಯುತ್ತಾರೆ, ಕರೆಯುತ್ತಲೇ ಇರುತ್ತಾರೆ. ಆ ಊರಿನ ಹೆಂಗಸರು ಅಜ್ಜಿಯ ಅಜ್ಜಿಯ ಕಾಲದಿಂದಲೂ ಗಂಡನನ್ನು ಹೆಸರು ಹಿಡಿದೇ ಕೂಗುವವರು. ಬೇರೆ ಊರಿನಿಂದ ಬಂದ ಸೊಸೆ ಹಿಂದೆಲ್ಲ ನಾಚಿಕೊಂಡರೆ ಅತ್ತೆಯೇ ಅವಳನ್ನು ದಕ್ಕೆಗೆ ಕರೆದುಕೊಂಡು ಹೋಗಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿಸುತ್ತಿದ್ದಳಂತೆ.

ಕುದುರಿಗೆ ಹೋದವರು ಇಂದಿಗೂ ಆ ಕಟ್ಟೆಯನ್ನು ಕಾಣಬಹುದು. ಅದರ ಮೇಲೆ ಹೂವಿರುವುದಿಲ್ಲ, ಎಡೆ ಇರುವುದಿಲ್ಲ. ಒಂದು ಚಿಟಿಕೆ ಉಪ್ಪು ಮಾತ್ರ ಇರುತ್ತದೆ. ಇಲಾಖೆಯವರು ಎಷ್ಟು ಸಲ ಗುಡಿಸಿದರೂ ಮರುದಿನ ಇರುತ್ತದೆ, ಯಾರು ಇಡುತ್ತಾರೆಂದು ಅವರೂ ಕೇಳುವುದನ್ನು ಬಿಟ್ಟಿದ್ದಾರೆ. ಸಂಜೆಯ ಕೊನೆಯ ದೋಣಿ ಹೊರಡುವ ಮೊದಲು ದೋಣಿಯವನು ಬಂದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಾನೆ, ಪ್ರತಿಯೊಬ್ಬರೂ ‘ಓ’ ಎನ್ನಬೇಕು. ಕೆಲವರು ತಮಾಷೆಗೆ ಇನ್ನೊಬ್ಬರ ಹೆಸರಿಗೆ ಓಗೊಟ್ಟು ಅವನಿಂದ ಬೈಸಿಕೊಳ್ಳುತ್ತಾರೆ. ಹೊಳೆಯ ನಡುವೆ ಬಂದಾಗ ಅವನು ಎಂಜಿನ್ ನಿಲ್ಲಿಸುತ್ತಾನೆ. ಅಷ್ಟರಲ್ಲಿ ದಕ್ಕೆಯ ತುದಿಗೆ ಕೇರಿಯ ಒಬ್ಬಳು ಹೆಂಗಸು ಬಂದು ನಿಂತಿರುತ್ತಾಳೆ. ಅವಳು ಕುದುರಿನ ಕಡೆ ಮುಖ ಮಾಡಿ ‘ಗೋಯ್ದಾ’ ಎಂದು ಒಮ್ಮೆ ಕರೆಯುತ್ತಾಳೆ. ದೋಣಿಯಲ್ಲಿದ್ದವರು ಮೊಬೈಲ್ ಕೆಳಗಿಳಿಸಿ, ತಮಗೇ ತಿಳಿಯದೆ ಉಸಿರು ಹಿಡಿಯುತ್ತಾರೆ. ಕೇಳಿಸಿತೇ ಎಂದು ದೋಣಿಯವನು ಯಾರನ್ನೂ ಕೇಳುವುದಿಲ್ಲ. ತಾನು ಸ್ವಲ್ಪ ಹೊತ್ತು ಕಿವಿಗೊಟ್ಟು ಕೂರುತ್ತಾನೆ, ಆಮೇಲೆ ತಲೆಯಾಡಿಸಿ ಎಂಜಿನ್ ಶುರು ಮಾಡುತ್ತಾನೆ.